ಸ್ಫಟಿಕಕ್ಕೆ ಬೆಚ್ಚಗಿನ ಅಭಿಷೇಕ

ಪಟಿಕ ಅಂದಿದ್ದರೆ ನಾನು ಬಚಾವಾಗುತ್ತಿದ್ದೆ. ಓದಿದವನೆಂಬ ಜಂಬಕ್ಕೆ ನಾಲಿಗೆ ಹೊರಳಿಸಿ ‘ಸ್ಫಟಿಕ’ ಅಂದೆ. ಅಲ್ಲಿಗೆ ಕೆಟ್ಟೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ದೆಹಲಿಯ ಆಚೆ, ಹರಿಯಾಣದ ಮಾನೇಸರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನಾನು ಹೊಸ ಇಂಜಿನಿಯರು, ಇನ್ನೂ ಪ್ರೊಬೇಷನ್ನಿನಲ್ಲಿದ್ದೆ. ನಮ್ಮದು ಹರಳು ತಯಾರಿಸುವ ವಿಭಾಗ. ದೊಡ್ಡ ತೊಟ್ಟಿಯಲ್ಲಿ ಬಿಸಿ ದ್ರಾವಣ ತಣ್ಣಗಾಗಬೇಕು, ಅದರಲ್ಲಿ ಸಕ್ಕರೆಯಂಥ ಹರಳು ಕೂರಬೇಕು, ಅದನ್ನು ಸೋಸಿ ಒಣಗಿಸಿ ಚೀಲಕ್ಕೆ ತುಂಬಬೇಕು. ಹೇಳುವುದಕ್ಕೆ ಸುಲಭ. ನಮ್ಮ ತೊಟ್ಟಿಯಲ್ಲಿ ಹರಳು ಕೂರುತ್ತಿತ್ತು, ಅದರ ಜೊತೆಗೆ ಮೈದಾಹಿಟ್ಟಿನಂಥ ಪುಡಿಯೂ ರಾಶಿ ರಾಶಿ ಕೂರುತ್ತಿತ್ತು. ಆ ಪುಡಿ ಸೋಸುವ ಬಟ್ಟೆಗೆ ಮೆತ್ತಿಕೊಂಡರೆ ಮುಗಿಯಿತು, ಒಂದು ಹನಿ ಕೆಳಗಿಳಿಯುತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ನಾನು ದೋಸೆ ಕಾವಲಿ ಉಜ್ಜುವವನಂತೆ ಆ ಬಟ್ಟೆ ಕೆರೆಯುತ್ತಾ ಕೂತಿರುತ್ತಿದ್ದೆ.

ಒಂದು ದಿನ ಮೇಲಧಿಕಾರಿ ಕರೆದ. ದೆಹಲಿಯ ಒಂದು ಸಂಸ್ಥೆಯಲ್ಲಿ ಹರಳುಗಟ್ಟಿಸುವ ವಿದ್ಯೆಗೆ ಎರಡು ವಾರದ ತರಬೇತಿ ಇದೆ, ಹೋಗು ಅಂದ. ಪಾಸಾಗಿ ಬಂದು ಈ ಬಟ್ಟೆಯ ರಗಳೆ ಬಗೆಹರಿಸಿದರೆ ಕೆಲಸ ಪರ್ಮನೆಂಟ್, ಇಲ್ಲವಾದರೆ ಮಾರ್ಚಿ ತಿಂಗಳಿಗೆ ನಿನ್ನ ದಾರಿ ನಿನಗೆ ಅಂದ. ನಗುನಗುತ್ತಲೇ ಅಂದ, ಮಹಾನುಭಾವ.

ಕೆಲಸಕ್ಕೆ ಸೇರಿದಾಗಿನಿಂದ ನನ್ನ ವಾಸ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಫೈಲು ನೋಡುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಹಾಗಾಗಿ ಒಂದು ಮನೆಯಲ್ಲಿ ಆಗಬೇಕಾದ ಬೈಗುಳ, ಮುದ್ದು, ‘ಸ್ವೆಟರ್ ಹಾಕ್ಕೊಂಡ್ಯೇನೋ’ ಎಲ್ಲ ನನ್ನೊಬ್ಬನ ಪಾಲಿಗೆ ಬರುತ್ತಿದ್ದವು. ನನಗೋ ಮೂಗಿನ ತುದಿಯಲ್ಲೇ ಕೋಪ. ‘ಹಾಕ್ಕೊಂಡೆ ಚಿಕ್ಕಮ್ಮ’ ಎಂದು ಗುರ್ ಅನ್ನುತ್ತಲೇ ಎರಡು ಸ್ವೆಟರ್ ಹಾಕಿಕೊಳ್ಳುತ್ತಿದ್ದೆ.

ಪರ್ಮನೆಂಟಿನ ಸುದ್ದಿ ಹೇಳಿದ ದಿನ ಚಿಕ್ಕಮ್ಮ ಊಟ ಬಡಿಸುತ್ತಿದ್ದವರು ಕೈ ನಿಲ್ಲಿಸಿದರು. “ಪಾಸಾಗದಿದ್ರೆ ನಿನ್ನ ಇಲ್ಲಿಂದ ಕಳಿಸಿಬಿಡ್ತಾರಾ?” ಅಂದರು. ಹೌದು ಅಂದೆ. ಆ ಎರಡು ವಾರ ಅವರು ಸೋಮವಾರ ಒಪ್ಪತ್ತು ಮಾಡಿದರು, ಜೊತೆಗೆ ಶುಕ್ರವಾರ, ಶನಿವಾರವನ್ನೂ ಸೇರಿಸಿಕೊಂಡರು. ಯಾವ ದೇವರ ಇಲಾಖೆಗೆ ಹರಳು ಬರುತ್ತದೋ ಗೊತ್ತಿಲ್ಲವಲ್ಲ.

ತರಬೇತಿ ಕೊಡುತ್ತಿದ್ದವರು ನಿವೃತ್ತ ಪ್ರೊಫೆಸರ್, ಮಫ್ಲರ್ ಸುತ್ತಿಕೊಂಡ ಒಣಕಲು ಮೇಷ್ಟ್ರು. ಮೊದಲ ದಿನವೇ ಮನೆಗೆಲಸ ಕೊಟ್ಟರು. ಕಿರಾಣಿ ಅಂಗಡಿಯಿಂದ ಪಟಿಕ ತನ್ನಿ, ಬಿಸಿನೀರಿನಲ್ಲಿ ಕರಗಿಸಿ, ಆರಲು ಬಿಡಿ. ತಳದಲ್ಲಿ ಕೂತ ಹರಳುಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ದಾರಕ್ಕೆ ಕಟ್ಟಿ, ಅದೇ ನೀರಿನಲ್ಲಿ ಇಳಿಬಿಡಿ. ಅದು ಬೀಜ. ಕೊನೆಯ ದಿನದ ಹೊತ್ತಿಗೆ ನಿಮ್ಮ ಹರಳು ತೋರಿಸಿ, ಯಾಕೆ ಹಾಗೆ ಬೆಳೆಯಿತು ಅಂತ ಹೇಳಬೇಕು, ಅದೇ ಪರೀಕ್ಷೆ. “ಅಲುಗಾಡಿಸಬಾರದು, ಧೂಳು ಬೀಳಬಾರದು, ಬಿಸಿ, ತಂಪು ಏರುಪೇರಾಗಬಾರದು. ಬಾಣಂತಿ ಕೋಣೆ ಇದ್ದ ಹಾಗೆ ಇರಬೇಕು,” ಅಂದರು.

ಅಂಗಡಿಯ ಭಯ್ಯಾ ಪಟಿಕವನ್ನು, ಅವನ ಬಾಯಲ್ಲಿ ಫಿಟ್ಕರಿಯನ್ನು, ಕಟ್ಟಿಕೊಡುತ್ತಾ “ಇಷ್ಟೊಂದು ಗಡ್ಡ ಎಲ್ಲಿದೆ ನಿಮಗೆ?” ಅಂದ. ನನ್ನ ಮೀಸೆಯೇ ಆಗ ಎಡಕ್ಕೆ ಒಂದಿಷ್ಟು ಬಲಕ್ಕೆ ಒಂದಿಷ್ಟು ಇತ್ತು. ಪೊಟ್ಟಣ ಹಿಡಿದು ಬಂದೆ.

ಮನೆಯಲ್ಲಿ ಬಾಣಂತಿ ಕೋಣೆ ಎಲ್ಲಿಂದ ತರುವುದು? ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಗೋಡೆ ನಡುಗುತ್ತಿತ್ತು. ಬಾಲ್ಕನಿಯಲ್ಲಿ ಜನವರಿಯ ಚಳಿ. ಚಿಕ್ಕಪ್ಪನ ಮೇಜಿನ ಮೇಲೆ ಇಡೋಣವೆಂದರೆ ಅವರು ಪೇಪರ್ ಓದುವಾಗ ಕಾಲು ಕುಣಿಸುತ್ತಿದ್ದರು. ಕೊನೆಗೆ ಸಿಕ್ಕಿದ್ದು ದೇವರ ಗೂಡು, ಅಂದರೆ ಗೋಡೆ ಕಪಾಟಿನ ಮಧ್ಯದ ಅರೆ. ಪಟಿಕದ ನೀರಿನಲ್ಲಿ ಬೀಜ ಇಳಿಬಿಟ್ಟಿದ್ದ ಉಪ್ಪಿನಕಾಯಿ ಬಾಟಲಿಯನ್ನು ನಾನೇ, ನನ್ನ ಈ ಎರಡು ಕೈಯಾರೆ, ಗಣಪತಿಯ ಪಕ್ಕ ಇಟ್ಟೆ.

“ಏನೋ ಅದು?” ಅಂದರು ಚಿಕ್ಕಮ್ಮ.

“ಸ್ಫಟಿಕ, ಚಿಕ್ಕಮ್ಮ. ಬೆಳೀತಾ ಇದೆ. ಮುಟ್ಟಬೇಡಿ.”

ಚಿಕ್ಕಪ್ಪ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜಿಕೊಳ್ಳುವ ಕಲ್ಲನ್ನು ಚಿಕ್ಕಮ್ಮ ಪಟಿಕ ಅನ್ನುತ್ತಿದ್ದರು. ಸ್ಫಟಿಕ ಅಂದರೆ ಅವರಿಗೆ ಸ್ಫಟಿಕದ ಮಣಿಸರ, ಸ್ಫಟಿಕದ ಲಿಂಗ. ಎರಡಕ್ಕೂ ಪುಸ್ತಕದಲ್ಲಿ ಒಂದೇ ಹೆಸರು ಅಂತ ನನಗೆ ಗೊತ್ತಿತ್ತು, ಅವರಿಗೆ ಅವು ಬೇರೆ ಬೇರೆ ಅಂತ ನನಗೆ ಹೊಳೆಯಲಿಲ್ಲ. ಅವರು ಬಾಟಲಿಯ ಕಡೆ ನೋಡಿ, ಮುಟ್ಟದೆ, ದೂರದಿಂದಲೇ ಕೈಮುಗಿದರು. ನನ್ನ ವಿದ್ಯೆಗೆ ಎಷ್ಟು ಗೌರವ ಅಂದುಕೊಂಡೆ, ಮಂಕುದಿಣ್ಣೆ.

ಹರಳು ಬೆಳೆಯಿತು. ಹನ್ನೆರಡು ದಿನಕ್ಕೆ ನೆಲ್ಲಿಕಾಯಿ ಗಾತ್ರವಾಯಿತು. ಎಂಟು ಮುಖ, ಅಂಚೆಲ್ಲ ಚೂಪು. ಒಂದೇ ಕೊರತೆ ಅಂದರೆ ಮೈತುಂಬಾ ಸಾಸಿವೆಯಂಥ ಸಣ್ಣ ಹರಳುಗಳು ಅಂಟಿಕೊಂಡಿದ್ದವು, ಸಿಡುಬು ಎದ್ದವರ ಹಾಗೆ. ಆದರೂ ಪಾಸಾಗುತ್ತೇನೆ ಅನ್ನಿಸಿತ್ತು. ಮಂಗಳವಾರ ಪರೀಕ್ಷೆ. ಸೋಮವಾರ ಸಂಜೆ ಕ್ಲಾಸು ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿ, ಒಳಗೆ ಕರ್ಪೂರದ ವಾಸನೆ, ಕ್ವಾರ್ಟರ್ಸಿನ ಕನ್ನಡದ ಹೆಂಗಸರೆಲ್ಲ ಕಣ್ಣು ಮುಚ್ಚಿ ಕೂತಿದ್ದಾರೆ. ಮಧ್ಯದಲ್ಲಿ ತಾಮ್ರದ ತಟ್ಟೆ. ತಟ್ಟೆಯಲ್ಲಿ ವಿಭೂತಿ ಹಚ್ಚಿಸಿಕೊಂಡು, ತಲೆ ಮೇಲೆ ಒಂದು ಸೇವಂತಿಗೆ ಏರಿಸಿಕೊಂಡು ನನ್ನ ಪರೀಕ್ಷೆ ಕೂತಿತ್ತು.

“ಬಾರೋ, ಬಾ,” ಅಂದರು ಚಿಕ್ಕಮ್ಮ. ಕಣ್ಣಲ್ಲಿ ನೀರು. “ನೂರೆಂಟು ಉದ್ಧರಣೆ ಎರೆದೆ. ಒಂದೊಂದು ಉದ್ಧರಣೆಗೂ ಒಳಗೆಳ್ಕೊಂಡ ನೋಡು ನೀರನ್ನ. ದೇವರು ಕರಗಿಬಿಟ್ಟ ಕಣೋ. ನಿನ್ನ ಕೆಲಸ ಆಯ್ತು ಅಂತ ತಿಳ್ಕೋ.”

ದೇವರು ನಿಜಕ್ಕೂ ಕರಗಿದ್ದ. ನೆಲ್ಲಿಕಾಯಿ ಇದ್ದವನು ಕಡಲೆಕಾಳಾಗಿದ್ದ. ಮುಖ ಇಲ್ಲ, ಅಂಚಿಲ್ಲ, ನುಣ್ಣಗೆ ಉರುಟಾಗಿ, ಅಚ್ಚು ಲಿಂಗದ ಹಾಗೇ ಇದ್ದ. ತಣ್ಣೀರಾದರೂ ಎರೆದಿದ್ದರೆ ಅರ್ಧ ಉಳಿಯುತ್ತಿತ್ತೇನೋ. “ಈ ಚಳೀಲಿ ದೇವರಿಗೆ ತಣ್ಣೀರು ಹ್ಯಾಗೋ ಹಾಕೋದು, ಬೆಚ್ಚಗೆ ಕಾಯಿಸ್ಕೊಂಡೆ,” ಅಂದರು. ಬಾಟಲಿಯಲ್ಲಿದ್ದ ನೀರು ತುಳಸಿಗೆ ಹೋಗಿತ್ತು.

ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಯಾರೋ ತೀರ್ಥ ಹಾಕಿದರು. ಎಳೆಯ ಬಾಳೆಕಾಯಿ ಹಸಿಹಸಿಯಾಗಿ ಕಚ್ಚಿದ ಹಾಗೆ ನಾಲಿಗೆ ಒಗರೊಗರಾಗಿ ಮಡಚಿಕೊಂಡಿತು. ಸುತ್ತ ನೋಡಿದರೆ ಎಲ್ಲರ ತುಟಿಯೂ ಸೊಟ್ಟ. ಅಷ್ಟಾದರೂ ಒಬ್ಬರೂ ಚಕಾರ ಎತ್ತಿರಲಿಲ್ಲ, ಭಕ್ತಿ ಅಂದರೆ ಅದು.

ಚಿಕ್ಕಪ್ಪ ಆಫೀಸಿನಿಂದ ಬಂದರು, ತೀರ್ಥ ತಗೊಂಡರು, ಎರಡು ಸಲ ಚಪ್ಪರಿಸಿದರು. “ಏನೇ ಇದು, ನನ್ನ ಶೇವಿಂಗ್ ಕಲ್ಲು ತೊಳೆದು ಕೊಟ್ಟಿದ್ದೀಯಲ್ಲ?” ಅಂದರು.

ಹೆಂಗಸರು ಹೋದ ಮೇಲೆ ನಾನು ಕೂಗಾಡಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ನಾಚಿಕೆಯಾಗುತ್ತದೆ. ಹನ್ನೆರಡು ದಿನದ ಶ್ರಮ, ನನ್ನ ನೌಕರಿ, ನಿಮಗೆ ತಲೆ ಇದೆಯಾ, ಎಲ್ಲ ಅಂದೆ. ಚಿಕ್ಕಮ್ಮ ತಟ್ಟೆ ತಿಕ್ಕುತ್ತಾ “ನಿನ್ನ ಕೆಲಸ ಉಳೀಲಿ ಅಂತಲೇ ಎರೆದೆ ಕಣೋ,” ಅಂದರು. ಮರುದಿನ ಬೆಳಿಗ್ಗೆ ಆ ಕಡಲೆಕಾಳನ್ನು ಹತ್ತಿಯಲ್ಲಿ ಸುತ್ತಿ, ಖಾಲಿ ಮಾಡಿದ ಕುಂಕುಮದ ಭರಣಿಯಲ್ಲಿಟ್ಟು ಕೈಗೆ ಕೊಟ್ಟರು.

ಸಂಸ್ಥೆಯಲ್ಲಿ ಎಲ್ಲರದ್ದೂ ಎಂಟು ಮುಖದ ವಜ್ರದಂಥ ಹರಳುಗಳು. ನನ್ನದು ಭರಣಿಯಿಂದ ಉರುಳಿ ಬಂತು, ಅರ್ಧ ಕೆಂಪಗೆ. ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಮಾತ್ರ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಏನಾಯಿತು ಎಂದು ಕೇಳಿದರು. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ, ಒಪ್ಪತ್ತಿನಿಂದ ಹಿಡಿದು ಶೇವಿಂಗ್ ಕಲ್ಲಿನವರೆಗೆ ಎಲ್ಲ ಹೇಳಿದೆ. ಮೈಮೇಲಿದ್ದ ಸಿಡುಬಿನ ವಿಷಯವನ್ನೂ ಹೇಳಿದೆ.

“ಆ ಸಣ್ಣ ಹರಳುಗಳು ಈಗೆಲ್ಲಿ?”

“ಕರಗಿಹೋದವು ಸರ್.”

“ದೊಡ್ಡದು?”

“ಇಷ್ಟು ಉಳಿದಿದೆ ಸರ್.”

“ನಿಮ್ಮ ಕಾರ್ಖಾನೆಯ ತೊಂದರೆ ಏನು ಅಂದೆ ನೀನು?”

ಹಿಟ್ಟು ಸರ್, ಪುಡಿ ಸರ್, ಎನ್ನುತ್ತಿದ್ದವನು ಅರ್ಧಕ್ಕೇ ನಿಂತೆ. ಬೆಚ್ಚಗೆ ಮಾಡಿದರೆ ಮೊದಲು ಕರಗುವುದು ಪುಡಿ. ತೊಟ್ಟಿಯನ್ನು ಸ್ವಲ್ಪವೇ ಬಿಸಿ ಮಾಡಿ ಪುಡಿಯನ್ನು ಕರಗಿಸಿ, ಮತ್ತೆ ನಿಧಾನಕ್ಕೆ ತಣಿಸಿದರೆ, ಕರಗಿದ್ದೆಲ್ಲ ದೊಡ್ಡ ಹರಳಿನ ಮೈಗೇ ಹೋಗಿ ಕೂರಬೇಕು. ಹಾಗೆಂದು ತೊದಲಿದೆ. ಮೇಷ್ಟ್ರು ಮಫ್ಲರ್ ಸರಿಮಾಡಿಕೊಂಡು, “ಇದನ್ನು ನಾನು ನಾಲ್ಕನೇ ದಿನ ಪೂರ್ತಿ ಒಂದು ಗಂಟೆ ಪಾಠ ಮಾಡಿದ್ದೆ, ನೀನು ಆಕಳಿಸ್ತಿದ್ದೆ. ನಿನ್ನ ಚಿಕ್ಕಮ್ಮ ಒಂದೇ ಸಂಜೆಗೆ ಕಲಿಸಿದ್ದಾರೆ,” ಎಂದು ಪಾಸು ಹಾಕಿದರು.

ಕಾರ್ಖಾನೆಯಲ್ಲಿ ಹಾಗೇ ಮಾಡಿ ನೋಡಿದೆವು. ಮೊದಲನೇ ಸಲ ಅತಿ ಬಿಸಿಯಾಗಿ ಎಲ್ಲವೂ ಕರಗಿ ತೊಟ್ಟಿ ತುಂಬಾ ತೀರ್ಥವಾಯಿತು, ಮೇಲಧಿಕಾರಿಯ ಬಾಯಲ್ಲಿ ಒಳ್ಳೊಳ್ಳೆಯ ಹರಿಯಾಣದ ಬೈಗುಳ ಕೇಳಿದೆ. ಮೂರನೇ ಸಲಕ್ಕೆ ಬಟ್ಟೆಯ ಮೇಲೆ ಸಕ್ಕರೆಯಂಥ ಹರಳು ಬಿತ್ತು, ನೀರು ಸರ್ರನೆ ಇಳಿಯಿತು. ಮಾರ್ಚಿಯಲ್ಲಿ ಕಾಗದ ಕೈಗೆ ಬಂತು. ಪರ್ಮನೆಂಟ್.

ಅಂದು ಮನೆಗೆ ಬಂದು ಚಿಕ್ಕಮ್ಮನಿಗೆ ನಮಸ್ಕಾರ ಮಾಡಿ, ನಿಮ್ಮಿಂದಲೇ ಆಯಿತು ಅಂದೆ. ಇದೊಂದು ಸಲ ಗುರ್ ಅನ್ನದೆ ಹೇಳಿದೆ. ಅವರು ಹಿಗ್ಗಿ ಹೀರೇಕಾಯಿಯಾದರು. ಕೇಸರಿಬಾತಿಗೆ ರವೆ ಹುರಿಯಲು ನಿಂತರು, ಅಕ್ಕಪಕ್ಕದವರಿಗೆಲ್ಲ ಕೂಗಿ ಹೇಳಿದರು. ರವೆ ಹುರಿಯುತ್ತಲೇ “ಮತ್ತೇನಂತೆ ಕಾಗದದಲ್ಲಿ?” ಅಂದರು.

“ಪರ್ಮನೆಂಟ್ ಆದೋರು ಕಾರ್ಖಾನೆ ಹತ್ರಾನೇ ಇರಬೇಕಂತೆ ಚಿಕ್ಕಮ್ಮ, ಪಾಳಿ ಕೆಲಸ ಅಲ್ವಾ. ಮಾನೇಸರಿನಲ್ಲಿ ರೂಮು ಕೊಟ್ಟಿದ್ದಾರೆ. ಒಂದನೇ ತಾರೀಕಿಂದ.”

ಸೌಟು ನಿಂತಿತು. ರವೆ ಹೊತ್ತಿಕೊಳ್ಳುವ ವಾಸನೆ ಬಂದರೂ ಚಿಕ್ಕಮ್ಮ ಕದಲಲಿಲ್ಲ.

“ನಾನು ಪರ್ಮನೆಂಟ್ ಅಂದ್ರೆ ಇಲ್ಲಿ ಅಂದ್ಕೊಂಡಿದ್ನಲ್ಲೋ,” ಅಂದರು.