ಐದನೆಯ ಗುಂಡಿಯ ಮಣ್ಣು

ನಾನು ಚಿಕ್ಕವನಿದ್ದಾಗ ಮಣ್ಣು ತಿನ್ನುತ್ತಿದ್ದೆ. ನಗಬೇಡಿ ಮಕ್ಕಳೇ, ಕದ್ದು ತಿಂದದ್ದಲ್ಲ, ಅಪ್ಪನೇ ಬಾಯಿಗೆ ಇಡುತ್ತಿದ್ದ. ನೀವು ಮಣ್ಣು ಮುಟ್ಟಿದರೆ ನಿಮ್ಮ ಅಮ್ಮ ಸೋಪು ಹಚ್ಚಿ ಮೂರು ಸಲ ಕೈ ತೊಳೆಸುತ್ತಾಳೆ. ಅಪ್ಪನಾದರೋ ಕಡಲೆಕಾಳಿನಷ್ಟು ಜೇಡಿಮಣ್ಣನ್ನು ಉಂಡೆ ಮಾಡಿ ನನ್ನ ನಾಲಿಗೆಯ ಮೇಲಿಟ್ಟು, ನುಂಗಬೇಡ, ಸುಮ್ಮನೆ ಇಟ್ಟುಕೊಂಡು ಏನನ್ನಿಸಿತು ಹೇಳು ಎನ್ನುತ್ತಿದ್ದ. ಮರಳಿದ್ದರೆ ಹಲ್ಲಿಗೆ ಕರಕರ ಎನ್ನುತ್ತಿತ್ತು. ಸುಣ್ಣದ ಹರಳಿದ್ದರೆ ನಾಲಿಗೆಯ ತುದಿ ಚುರುಗುಟ್ಟುತ್ತಿತ್ತು. ಒಳ್ಳೆಯ ಮಣ್ಣು ತಣ್ಣಗೆ, ನುಣ್ಣಗೆ ಅಂಗುಳಿಗೆ ಅಂಟಿಕೊಂಡು, ಉಗುಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು.

ನಾವು ಕುಂಬಾರರು. ನಮ್ಮ ಮುತ್ತಜ್ಜ ಹಾಸನದ ಕಡೆಯಿಂದ ತಿಗರಿ ಹೊತ್ತುಕೊಂಡು ಬಂದು, ಫ್ರೇಸರ್‌ಪೇಟೆಗೆ ಎರಡು ಮೈಲಿ ದೂರದ ಒಂದು ಕೆರೆಯ ಪಕ್ಕ ನೆಲೆ ನಿಂತವನು. ತಿಗರಿ ಎಂದರೆ ಮಡಕೆ ಮಾಡುವ ಚಕ್ರ. ಆ ಪೇಟೆಯನ್ನು ನೀವೀಗ ಕುಶಾಲನಗರ ಎನ್ನುತ್ತೀರಿ. ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಕಾವೇರಿಯ ಸೇತುವೆ ದಾಟಿದರೆ ಮೈಸೂರು ಸೀಮೆ, ಈಚೆ ದಡದಲ್ಲಿ ನಾವು. ಮನೆಯಲ್ಲಿ ಇದ್ದವರು ಮೂರೇ ಜನ: ಅಪ್ಪ, ಅಕ್ಕ, ನಾನು. ನಾನು ಹುಟ್ಟಿದ ವರ್ಷವೇ ಅವ್ವ ತೀರಿಕೊಂಡಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕನೇ ಒಲೆ ಹಚ್ಚುವವಳು, ನನ್ನ ತಲೆ ಬಾಚುವವಳು, ಅಪ್ಪನನ್ನು ಗದರಿಸುವವಳು.

ಅಪ್ಪ ಮಡಕೆಗಿಂತ ಹೆಚ್ಚಾಗಿ ಮಾಡುತ್ತಿದ್ದದ್ದು ನಾಡಹೆಂಚು. ತಿಗರಿಯ ಮೇಲೆ ಉದ್ದನೆಯ ಕೊಳವೆ ಎಬ್ಬಿಸುತ್ತಿದ್ದ. ಅದು ಅರೆ ಒಣಗಿದಾಗ ಅಕ್ಕ ದಾರ ಹಿಡಿದು ಸರ್ರನೆ ಸೀಳುತ್ತಿದ್ದಳು. ಒಂದು ಕೊಳವೆಗೆ ಎರಡು ಹೆಂಚು. ಬಿಸಿಲಿಗಿಟ್ಟು, ಆವಿಗೆಯಲ್ಲಿ ಜೋಡಿಸಿ, ಸೌದೆ, ಹುಲ್ಲು ಮುಚ್ಚಿ ಸುಟ್ಟರೆ ಮೂರನೆಯ ದಿನಕ್ಕೆ ಕೆಂಪು ಹೆಂಚು ಹೊರಗೆ ಬರುತ್ತಿತ್ತು. ಮಂಗ ಕುಣಿದು, ತೆಂಗಿನಗರಿ ಬಿದ್ದು ವರ್ಷಕ್ಕಷ್ಟು ಹೆಂಚು ಒಡೆಯಲೇಬೇಕು. ಹಾಗಾಗಿ ಮಳೆಗೆ ಮುಂಚೆ ಅಪ್ಪ ಊರೂರಿಗೆ ಹೋಗಿ ಮಾಡಿನ ಹೆಂಚು ಕೈಯಾಡಿಸುತ್ತಿದ್ದ, ಎಂದರೆ ಒಡೆದದ್ದನ್ನು ತೆಗೆದು ಹೊಸದನ್ನು ಹೊದಿಸುತ್ತಿದ್ದ. ಹೋದ ಮನೆಯಲ್ಲೆಲ್ಲ ಊಟ, ಬರುವಾಗ ಭತ್ತ. ಬರೀ ಹೆಂಚಿನ ಸಂಬಂಧ ಅಲ್ಲ ಅದು. ಯಾರ ಮನೆ ಸೊಸೆ ಬಸುರಿ, ಯಾರ ಮನೆ ಎತ್ತಿಗೆ ಕಾಲುನೋವು ಎಂಬುದೆಲ್ಲ ಮಾಡಿನ ಮೇಲೆ ಕೂತ ಅಪ್ಪನಿಗೆ ಮೊದಲು ಗೊತ್ತಾಗುತ್ತಿತ್ತು.

ಇಂಥ ಕಸುಬು ಗಿರಾಕಿ ಇಲ್ಲದೆ ಸತ್ತಿತು ಎಂದು ನೀವು ಅಂದುಕೊಂಡರೆ ತಪ್ಪು. ಗಿರಾಕಿ ಹೆಚ್ಚಾಗಿಯೇ ಸತ್ತಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾಫಿಗೆ ಬೆಲೆ ಬಂದಿತ್ತು. ಸೋಮವಾರಪೇಟೆಯ ಕಡೆ, ಸುಂಟಿಕೊಪ್ಪದ ಕಡೆ ಎಸ್ಟೇಟಿನವರು ಹೊಸ ಗೋದಾಮು ಕಟ್ಟಿಸುತ್ತಿದ್ದರು. ಆಳುಗಳು ಇರುವ ಸಾಲುಮನೆಗಳಿಗೆ, ಅಂದರೆ ಹುಲ್ಲುಮಾಡಿನ ಲೈನುಗಳಿಗೆ ಬೆಂಕಿ ಬಿದ್ದು ಬಿದ್ದು ಸಾಕಾಗಿ ಹೆಂಚು ಹೊದಿಸಲು ಹೊರಟಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರು ನಮ್ಮ ಅಂಗಳಕ್ಕೇ ಬಂದು, ಮಳೆಗಾಲದೊಳಗೆ ಹತ್ತು ಸಾವಿರ ಹೆಂಚು ಆಗುತ್ತದೆಯೇ ಎಂದು ಕೇಳಿದ. ಅಪ್ಪ ನಕ್ಕುಬಿಟ್ಟ. ಹತ್ತು ಸಾವಿರ ಹೆಂಚಿಗೆ ಅಪ್ಪನಂಥವರು ಹತ್ತು ಜನ ಬೇಕಿತ್ತು. ಘಟ್ಟದ ಕೆಳಗಿನಿಂದ ಲಾರಿಯಲ್ಲಿ ಮಂಗಳೂರು ಹೆಂಚು ತರಿಸಿದರೆ ದಾರಿಯಲ್ಲೇ ಎಷ್ಟೋ ಒಡೆಯುತ್ತಿದ್ದವು. ಹಾಗಿದ್ದರೆ ಹೊಳೆ, ಸೌದೆ, ಮಣ್ಣು ಮೂರೂ ಇರುವ ಕಡೆಯಲ್ಲೇ ಕಾರ್ಖಾನೆ ಹಾಕಿದರೇನು ಎಂದು ಯಾರಿಗೋ ಹೊಳೆಯಿತು. ಆ ಮೂರೂ ನಮ್ಮ ಕೆರೆಯ ಹತ್ತಿರ ಇದ್ದವು.

ಶಿವರಾತ್ರಿ ಕಳೆದು ಕೆರೆಯ ನೀರು ಹಿಂದೆ ಸರಿದಿತ್ತು. ಒಂದು ಸಂಜೆ ಅಕ್ಕ ಸಂತೆಯಿಂದ ಬಂದವಳೇ ಬುಟ್ಟಿ ಇಳಿಸುವ ಮುಂಚೆ ಸುದ್ದಿ ಇಳಿಸಿದಳು. ಘಟ್ಟದ ಕೆಳಗಿನ ಒಬ್ಬ ಸಾಹುಕಾರರು ನಮ್ಮ ಕೆರೆಯಂಗಳದಲ್ಲಿ ಒಂದು ತುಂಡು ಜಾಗ ಆರಿಸಿಕೊಳ್ಳಲು ಮಡಿಕೇರಿಯಿಂದ ಕಾಗದ ಮಾಡಿಸಿದ್ದಾರಂತೆ. ನಾಳೆಯೇ ಸರ್ವೆಯವರನ್ನು ಕರೆದುಕೊಂಡು ಬರುತ್ತಾರಂತೆ, ಯಾವ ಕಡೆಯ ಮಣ್ಣು ಒಳ್ಳೆಯದೆಂದು ಅಪ್ಪನನ್ನೇ ಕೇಳುತ್ತಾರಂತೆ. ನಮ್ಮ ಹತ್ತಿರ ಕಾಗದ ಇರಲಿಲ್ಲ. ತಲೆತಲಾಂತರದಿಂದ ಅಗೆಯುತ್ತಿದ್ದೇವೆ ಎಂಬುದೇ ನಮ್ಮ ಕಾಗದ.

"ಕೋಡಿ ಕಡೆ ತೋರ್ಸಪ್ಪ," ಎಂದಳು ಅಕ್ಕ. "ಅಲ್ಲಿ ಬರೀ ಮರಳು. ಎರಡು ಆವಿಗೆ ಹೆಂಚು ಒಡುದ್ರೆ ಅವ್ರೇ ಗಂಟು ಕಟ್ಕಂಡು ಹೋಯ್ತಾರೆ."

ಅಪ್ಪ ಕೈ ತೊಳೆದು ಬಂದು ಕೂತ. ಊಟಕ್ಕೆ ಹಾಕು ಎಂದ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಾಲಿಗೆಯ ಮೇಲೆ ಮಣ್ಣಿಟ್ಟುಕೊಂಡು ಸುಳ್ಳು ಹೇಳಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ದೇವರಾಣೆಗಿಂತ ದೊಡ್ಡದು. ಕೆಟ್ಟ ಮಣ್ಣನ್ನು ಒಳ್ಳೆಯದೆಂದರೆ ಯಾರದೋ ಮನೆಯ ಒಲೆಯ ಮೇಲೆ ಗಡಿಗೆ ಬಿರಿಯುತ್ತದೆ, ಮಕ್ಕಳ ಅನ್ನ ಬೂದಿಗೆ ಬೀಳುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನನ್ನ ಬಾಯಿಗೆ ಮೊದಲ ಉಂಡೆ ಇಟ್ಟ ದಿನ ಅವನು ಕಲಿಸಿದ್ದು ಮಣ್ಣಿನ ರುಚಿಯನ್ನಲ್ಲ, ಇದನ್ನು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಜೀಪು ಬಂತು. ಕೆರೆಯಂಗಳದಲ್ಲಿ ಯಾವಾಗಲೂ ಇರುತ್ತಿದ್ದ ಪಾಚಿಯ ವಾಸನೆಯ ಮೇಲೆ ಪೆಟ್ರೋಲಿನ ವಾಸನೆ ಕೂತಿತು. ಸಾಹುಕಾರರ ಆಳುಗಳು ಐದು ಕಡೆ ಗುಂಡಿ ತೋಡಿ, ಐದು ತೇಗದೆಲೆಯ ಮೇಲೆ ಒಂದೊಂದು ಹೆಂಟೆ ಇಟ್ಟರು. ಸರ್ವೆಯವರು ಸರಪಣಿ ಬಿಚ್ಚಿಕೊಂಡು ಹೊಂಗೆ ಮರದ ನೆರಳಲ್ಲಿ ಕಾದು ಕೂತರು. ಸಾಹುಕಾರರು ಕೆಟ್ಟವರೇನಲ್ಲ. ನಗುಮುಖದ, ಕೊಡೆ ಹಿಡಿದ, ತೆಳ್ಳಗಿನ ಮನುಷ್ಯ. ಅಪ್ಪನಿಗೆ ಕೈ ಮುಗಿದರು. ಅಪ್ಪನಿಗೆ ಅಷ್ಟು ದೊಡ್ಡವರು ಯಾರೂ ಕೈ ಮುಗಿದಿರಲಿಲ್ಲ.

"ಈ ಕಡೆ ಮಣ್ಣು ಗೊತ್ತಿರುವವರು ನೀವೊಬ್ಬರೇ ಅಂತ ಪೇಟೆಯಲ್ಲಿ ಹೇಳಿದರು ಮಾರಾಯ್ರೇ," ಎಂದರು. "ಇವತ್ತೇ ಜಾಗ ಗುರುತು ಮಾಡಬೇಕು. ಯಾವ ಗುಂಡಿಯದ್ದು ಒಳ್ಳೆದುಂಟು, ಸ್ವಲ್ಪ ನೋಡಿ ಹೇಳಿ."

ಹೊಗಳಿಕೆಗೆ ಅಪ್ಪ ಬೇಗ ಕರಗುತ್ತಿದ್ದ. ಅದನ್ನು ಮುಚ್ಚಿಟ್ಟು ನನಗೇನಾಗಬೇಕು? ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಮೊದಲ ಎಲೆಯ ಮಣ್ಣು ಬಾಯಿಗಿಟ್ಟ. ಅದು ಕೋಡಿಯ ಕಡೆಯದು. ಸ್ವಲ್ಪ ಹೊತ್ತು ಇಟ್ಟುಕೊಂಡು ಉಗುಳಿದ. ಎರಡನೆಯದು, ಮೂರನೆಯದು, ನಾಲ್ಕನೆಯದು ಎಲ್ಲವನ್ನೂ ಹಾಗೆಯೇ ಇಟ್ಟು ಉಗುಳಿದ. ಐದನೆಯದು ನಮ್ಮವರು ನಾಲ್ಕು ತಲೆಮಾರಿನಿಂದ ಅಗೆಯುತ್ತಿದ್ದ ಜಾಗದ ಪಕ್ಕದ್ದು. ಅದನ್ನು ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡ. ಆಮೇಲೆ ಉಗುಳಿ, ಬಾಯಿ ಮುಕ್ಕಳಿಸಿ, ಹೆಗಲ ಟವೆಲಿನಿಂದ ತುಟಿ ಒರೆಸಿಕೊಂಡು ಸುಮ್ಮನೆ ನೀರು ನೋಡುತ್ತ ನಿಂತ.

ಸಾಹುಕಾರರು ಕಾದರು. ಅಪ್ಪ ಮಾತಾಡಲಿಲ್ಲ. ಬಾಯಲ್ಲಿ ಮಣ್ಣಿರಲಿಲ್ಲ, ಹೇಳಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಸುಮ್ಮನಿದ್ದರೆ ಸುಳ್ಳಾಗುವುದಿಲ್ಲ ಎಂಬ ಸಣ್ಣ ದಾರಿ ಅವನಿಗೆ ಕಂಡಿತ್ತು ಎಂದು ಇವತ್ತು ನನಗನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನನಗೆ ಒಂಬತ್ತು ವರ್ಷ.

ಸಾಹುಕಾರರು ನಗುತ್ತ ನನ್ನ ಕಡೆ ತಿರುಗಿದರು. ಮಗನಿಗೂ ಕಲಿಸಿದ್ದೀರಂತಲ್ಲ, ಮರಿಯೇ ಹೇಳಲಿ ಎಂದರು. ಹಿಂದೆ ನಿಂತಿದ್ದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಐದನೆಯ ಎಲೆಯಿಂದ ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟೆ. ತಣ್ಣಗೆ, ನುಣ್ಣಗೆ ಅಂಟಿಕೊಂಡಿತು. ಆಮೇಲೆ ಮೊದಲನೆಯ ಎಲೆಯಿಂದ ಇಟ್ಟೆ. ಹಲ್ಲೆಲ್ಲ ಕರಕರ ಎಂದಿತು. ಅದನ್ನು ಬಾಯಲ್ಲಿ ಇಟ್ಟುಕೊಂಡೇ, ಇದೇ ಎಲ್ಲಕ್ಕಿಂತ ಚೆನ್ನಾಗಿರುವುದು ಎಂದೆ.

ಕೆನ್ನೆಗೆ ಏಟು ಬಿದ್ದದ್ದು ಯಾವ ಕಡೆಯಿಂದ ಎಂದೇ ಗೊತ್ತಾಗಲಿಲ್ಲ. ಮಣ್ಣು, ರಕ್ತ ಎರಡೂ ಒಟ್ಟಿಗೆ ತುಟಿಯಿಂದ ಇಳಿದವು. ಅಪ್ಪ ಅದುವರೆಗೆ ನನ್ನನ್ನು ಹೊಡೆದವನಲ್ಲ.

"ಬಾಯಾಗೆ ಮಣ್ಣಿಟ್ಕಂಡು ಸುಳ್ಳು ಹೇಳ್ತೀಯೇನ್ಲಾ?" ಎಂದ. ಸಾಹುಕಾರರ ಮುಖ ನೋಡದೆಯೇ, "ಹುಡುಗ ಹೇಳಿದ್ದು ಸುಳ್ಳು ಸ್ವಾಮಿ. ಐದನೇದು. ಈ ಸೀಮೆನಾಗೇ ಅಂಥ ಮಣ್ಣಿಲ್ಲ," ಎಂದ.

ಮಧ್ಯಾಹ್ನದೊಳಗೆ ಸರಪಣಿ ಎಳೆದು, ನಾವು ಅಗೆಯುತ್ತಿದ್ದ ಜಾಗವನ್ನೂ ಸೇರಿಸಿ ಗೂಟ ಹೊಡೆದರು. ಕಾರ್ಖಾನೆ ಶುರುವಾದರೆ ಮೊದಲ ಕೆಲಸ ನಿಮಗೇ ಎಂದು ಸಾಹುಕಾರರು ಅಪ್ಪನಿಗೆ ಮಾತು ಕೊಟ್ಟರು. ಆ ಮಾತನ್ನು ಉಳಿಸಿಕೊಂಡರು ಕೂಡ. ಮನೆಗೆ ಬಂದ ಮೇಲೆ ಅಕ್ಕ ನನ್ನ ತುಟಿಗೆ ಅರಿಸಿನ ಹಚ್ಚುತ್ತ, ಅಪ್ಪನ ಕಡೆ ತಿರುಗದೆ, "ಮಣ್ಣಿಗೆ ನಿಯತ್ತಾಗಿದ್ದೆ ಕಣಪ್ಪ. ನಮಗೆ?" ಎಂದು ಕೇಳಿದಳು. ಅಪ್ಪ ತಿಗರಿಯ ಮುಂದೆ ಕೂತ. ಅದನ್ನು ತಿರುಗಿಸಲಿಲ್ಲ.

ಆ ದಿನದ ಕಥೆ ಅಷ್ಟೇ. ಉಳಿದದ್ದು ನಿಧಾನವಾಗಿ ಆಯಿತು. ಗೂಟದ ಜಾಗಕ್ಕೆ ಮುಳ್ಳುತಂತಿ ಬಂತು, ಮಾರನೆಯ ವರ್ಷ ಉದ್ದನೆಯ ಚಿಮಣಿ ಎದ್ದಿತು. ನಮಗೆ ಉಳಿದದ್ದು ಕೋಡಿಯ ಕಡೆಯ ಮರಳುಮಣ್ಣು. ಎರಡು ಆವಿಗೆ ಒಡೆಯಿತು, ಅವರದಲ್ಲ, ನಮ್ಮದು. ಬಿರುಕಿನ ಹೆಂಚು ಕೊಟ್ಟ ಎಂದು ಹಳೆಯ ಮನೆಗಳವರು ಮುಖ ತಿರುಗಿಸಿದರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಕಾರ್ಖಾನೆಯ ಹೆಂಚು ಹೊದಿಸಿದರು. ಅದನ್ನು ವರ್ಷವರ್ಷ ಕೈಯಾಡಿಸಬೇಕಾಗಿರಲಿಲ್ಲ. ಅಪ್ಪ ಹೋಗದ ಮೇಲೆ ಆ ಮನೆಗಳ ಸೊಸೆಯಂದಿರ ಸುದ್ದಿಯೂ ನಮಗೆ ತಿಳಿಯಲಿಲ್ಲ. ಲೈನುಗಳ ಕೂಲಿಯವರ ತಲೆಯ ಮೇಲೆ ಮಳೆ ಸೋರುವುದು ನಿಂತಿತಲ್ಲ, ಅದು ಒಳ್ಳೆಯದೇ. ಒಳ್ಳೆಯದನ್ನು ಒಳ್ಳೆಯದೆನ್ನಲೇಬೇಕು. ಆದರೆ ಅದರಿಂದ ನನ್ನ ಹೊಟ್ಟೆಯ ಉರಿ ಆರಲಿಲ್ಲ.

ಬೆಳಗ್ಗೆ ಚಿಮಣಿಯ ಪಕ್ಕದಿಂದ ಕೆಲಸಕ್ಕೆ ಕರೆಯುವ ಸೈರನ್ನಿನ ಕೂಗು ಕೇಳುತ್ತಿತ್ತು. ಕೋಳಿ ಕೂಗಿದಾಗ ಏಳುತ್ತಿದ್ದ ಅಪ್ಪ ಅದಕ್ಕೆ ಓಡಲು ಕಲಿತ. ಅವನನ್ನು ಮಣ್ಣು ಅರೆಯುವ ಯಂತ್ರದ ಬಾಯಿಗೆ ಮಣ್ಣು ಸುರಿಯಲು ಹಾಕಿದ್ದರು. ಯಾವ ಮಣ್ಣು, ಎಂಥ ಮಣ್ಣು ಎಂದು ಅವನನ್ನು ಮತ್ತೆ ಯಾರೂ ಕೇಳಲಿಲ್ಲ. ಅದಕ್ಕೆ ಘಟ್ಟದ ಕೆಳಗಿನ ಒಬ್ಬ ಮೇಸ್ತ್ರಿ ಇದ್ದ. ಅಕ್ಕ ಹಸಿ ಹೆಂಚನ್ನು ತಲೆಯ ಮೇಲೆ ಹೊತ್ತು ಸುಡುವ ಗೂಡಿನ ಬಾಯಿಗೆ ಸಾಗಿಸುತ್ತಿದ್ದಳು. ಎರಡು ವರ್ಷದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಮದುವೆಯ ಮಾತು ಆ ಕೆಮ್ಮು ಕೇಳಿ ಕೇಳಿ ವಾಪಸು ಹೋಯಿತು. ಅವಳು ನನ್ನನ್ನು ಬಯ್ಯಲಿಲ್ಲ, ಅಪ್ಪನನ್ನೂ ಮತ್ತೆ ಗದರಿಸಲಿಲ್ಲ. ಅವಳು ಗದರಿಸುವುದನ್ನು ಬಿಟ್ಟದ್ದೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಮೂವತ್ತು ತುಂಬುವ ಮುಂಚೆ ಹೋಗಿಬಿಟ್ಟಳು.

ದೊಡ್ಡ ಸ್ಕೂಲಿಗೆ ನನ್ನನ್ನು ಸೇರಿಸಲು ಹೋದಾಗ ಹೆಡ್‌ಮಾಸ್ತರು ತಂದೆಯ ಕಸುಬೇನು ಎಂದು ಕೇಳಿದರು. ಅಪ್ಪ ಕೈ ನೋಡಿಕೊಂಡ. "ಕೂಲಿ ಅಂತ ಬರ್ಕಳಿ," ಎಂದ.

ನಾನು ಮೊದಲ ಎಲೆಯನ್ನು ತೋರಿಸದೆ, ಗೊತ್ತಾಗುವುದಿಲ್ಲ ಎಂದಿದ್ದರೆ? ಎಷ್ಟೋ ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಕೇಳಿಕೊಂಡು ಪ್ರಯೋಜನವಿಲ್ಲ. ನಮ್ಮ ಕೆರೆ ಅಲ್ಲದಿದ್ದರೆ ಇನ್ನೊಂದು ಕೆರೆ, ನಮ್ಮ ಅಪ್ಪ ಅಲ್ಲದಿದ್ದರೆ ಇನ್ನೊಬ್ಬರ ಅಪ್ಪ. ನಾಲ್ಕು ತಲೆಮಾರು ಅಗೆದರೂ ಮುಗಿಯದ ಮಣ್ಣನ್ನು ಕಾರ್ಖಾನೆ ನನ್ನ ಕೂದಲು ನರೆಯುವ ಮುಂಚೆ ಮುಗಿಸಿತು. ಆಮೇಲೆ ಅದಕ್ಕೂ ಬೀಗ ಬಿತ್ತು. ಕೂಗಿಗೆ ಓಡುವುದನ್ನು ಕಲಿತಿದ್ದ ಜನ ಎಷ್ಟೋ ದಿನ ಬೆಳಗ್ಗೆ ಗೇಟಿನ ಮುಂದೆ ಬಂದು ನಿಂತು, ಹಾಗೇ ಹೋಗುತ್ತಿದ್ದರು. ಅವರಿಗೆ ಹಿಂತಿರುಗಲು ಕಸುಬು ಇರಲಿಲ್ಲ.

ನಿಮ್ಮ ಮನೆಗೆ ಸಿಮೆಂಟಿನ ತಾರಸಿ ಇದೆ, ಸೋರುವುದಿಲ್ಲ. ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದರೆ ವಾರಕ್ಕೊಂದು ಉತ್ತರ ಕೊಡುತ್ತೀರಿ. ಕೊಡಿ, ನನಗೆ ಸಂತೋಷ. ಕುಂಬಾರನ ಮಗ ಕುಂಬಾರನೇ ಆಗಬೇಕಿದ್ದ ಆ ಕಾಲ ನಿಮಗೆ ಬೇಡ. ಈಜಿಗೊಬ್ಬರು, ಚಿತ್ರಕ್ಕೊಬ್ಬರು, ಹಾಡಿಗೊಬ್ಬರು ಎಂದು ನಿಮಗೆ ಒಂದೊಂದಕ್ಕೂ ಒಬ್ಬ ಮೇಷ್ಟ್ರಿದ್ದಾರೆ. ಒಬ್ಬರು ಸರಿಹೋಗದಿದ್ದರೆ ಇನ್ನೊಬ್ಬರ ಹತ್ತಿರ ಹೋಗುತ್ತೀರಿ. ನನಗಿದ್ದವನು ಒಬ್ಬನೇ ಮೇಷ್ಟ್ರು. ಆ ದಿನದ ಮೇಲೆ ಅವನು ನನಗೆ ಮತ್ತೆ ಪಾಠ ಹೇಳಲಿಲ್ಲ. ನಾನೂ ಕೇಳಲಿಲ್ಲ.