ಕರ್ಕಾಟಕದಲ್ಲಿ ಹೊರಟ ಮದುವೆ ಕಾರು

ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಆಲಪ್ಪುಳ ದಾಟಿದ ತಿರುವಿನಲ್ಲಿ, ರಸ್ತೆಗೆ ಅಡ್ಡವಾಗಿ ತೆಂಗಿನ ದಿಮ್ಮಿ ಕಂಡಿತು. ಅದರ ಹಿಂದೆ ಜನ. ನಾನು ಬ್ರೇಕ್ ಒತ್ತಿದೆ.

ಎರ್ನಾಕುಲಂನಿಂದ ಮಳೆಯಲ್ಲೇ ಹೊರಟಿದ್ದೆವು: ಬ್ಯಾಂಕ್ ನೌಕರನಾದ ನಾನು, ಪಕ್ಕದ ಮನೆಯ ಸರೋಜಮ್ಮ, ಅವರ ಮಗ ರಘು. ಇಂದು ಮಂತ್ರಿಯಾಗಿರುವ ರಘು ಆಗಷ್ಟೇ ಬಿ.ಎ. ಮುಗಿಸಿದ್ದ. ಮಧ್ಯಾಹ್ನ ಎರಡಕ್ಕೆ ತಿರುವನಂತಪುರದಲ್ಲಿ ಕಾನೂನು ಕಾಲೇಜಿನ ಸಂದರ್ಶನ. ತಪ್ಪಿದರೆ ಸೀಟು ಹೋಯಿತು. ಹಿಂದಿನ ಸಂಜೆ ದಿಢೀರನೆ ಬಂದ್ ಘೋಷಣೆಯಾಗಿತ್ತು. ಹಳಿಯ ಮೇಲೆ ಮರ ಬಿದ್ದು ರೈಲೂ ಇರಲಿಲ್ಲ.

ಬಂದ್ ದಿನ ಮದುವೆ ಕಾರುಗಳನ್ನು ಯಾರೂ ತಡೆಯುವುದಿಲ್ಲ. "ಶ್ರಾವಣ ಶುರುವಾಯ್ತಲ್ಲ ಮೂರ್ತಿಯವರೇ, ಯಾರು ಕೇಳ್ತಾರೆ?" ಎಂದು ಸರೋಜಮ್ಮ ರೇಷ್ಮೆ ಸೀರೆ ಉಟ್ಟು, ನನ್ನ ಫಿಯೆಟ್‌ಗೆ ಹಾರ ಕಟ್ಟಿದರು. ಮುಂದಿನ ಗಾಜಿಗೆ ನಾನೇ 'ವಿವಾಹ' ಎಂದು ಅಂಟಿಸಿದೆ. ರಘು ಕತ್ತಲಲ್ಲಿ ಹತ್ತಿದವನು ನಿದ್ದೆ ಹೋಗಿದ್ದ.

ಲುಂಗಿ ಮೇಲೆತ್ತಿ ಕಟ್ಟಿದ್ದ ಒಬ್ಬ ಬಗ್ಗಿ ನೋಡಿದ. "ಕರ್ಕಾಟಕದಲ್ಲಿ ಕಲ್ಯಾಣವೋ?"

ನಮ್ಮ ಪಂಚಾಂಗದಲ್ಲಿ ಆಷಾಢ ಮುಗಿದಿತ್ತು. ಇಲ್ಲಿಯವರ ಕರ್ಕಾಟಕ ಮಾಸ ಮುಗಿದಿರಲಿಲ್ಲ. ಅದು ಮುಗಿಯುವವರೆಗೆ ಇಲ್ಲಿ ಯಾರೂ ಮದುವೆ ಮಾಡುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೆಸೆದ ಕಲ್ಲಿಗೆ ಗಾಜು ಒಡೆದು ಸರೋಜಮ್ಮನ ಮಡಿಲಿಗೆ ಸುರಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ರಘು ಬಾಗಿಲು ತೆರೆದು ಇಳಿದ. ತಾಯಿ ಅಂಗಿ ಹಿಡಿದೆಳೆದರೂ ನಿಲ್ಲಲಿಲ್ಲ.

"ಮದುವೆ ಇಲ್ಲ ಚೇಟ್ಟಾ, ಸುಳ್ಳು," ಎಂದ ಮಲಯಾಳದಲ್ಲಿ, ಅವನನ್ನು ಅಣ್ಣನೆಂದು ಕರೆದು. "ಲಾ ಕಾಲೇಜಿನ ಇಂಟರ್‌ವ್ಯೂಗೆ ಹೋಗ್ತಿದ್ದೀವಿ."

"ವಕೀಲನಾಗಿ ನಮ್ಮ ಮೇಲೇ ಕೇಸು ಹಾಕ್ತೀಯೇನೋ?"

"ನಿಮ್ಮ ಪರವಾಗಿ ನಿಲ್ಲೋಕೂ ಒಬ್ಬ ಬೇಕಲ್ಲ. ಬಂದ್ ಯಾಕೆ, ಹೇಳಿ."

ಯಾರೋ ನಕ್ಕರು. ಕಲ್ಲೆಸೆದವನು ನಗಲಿಲ್ಲ, ಆದರೆ ಹೇಳತೊಡಗಿದ: ತೆಂಗಿನ ನಾರಿನ ಕಾರ್ಖಾನೆ ಮುಚ್ಚಿದೆ, ಹೆಂಡತಿಯ ಕೈ ನಾರು ಹೊಸೆದು ಒಡೆದಿದೆ, ಈಗ ಆ ಕೆಲಸವೂ ಹೋಗಿದೆ. ನಾನು ಗಡಿಯಾರ ನೋಡುತ್ತಿದ್ದೆ. ರಘು ಮಳೆಯಲ್ಲಿ ನೆನೆಯುತ್ತ, ಮಧ್ಯೆ ಮಾತಾಡದೆ ಕೇಳಿಸಿಕೊಂಡ.

ಕೊನೆಗೆ ಕಲ್ಲೆಸೆದವನು, ಸರೋಜಮ್ಮ ಹಿಂದಿನ ಸೀಟಿಗೆ ಹೋದ ಮೇಲೆ, ಗಾಜಿನ ಚೂರು ಒರೆಸಿ ನನ್ನ ಪಕ್ಕದಲ್ಲೇ ಕುಳಿತ. "ಮುಂದೆಯೂ ತಡೀತಾರೆ. ಕೊಲ್ಲಂವರೆಗೆ ನಾನು ಬರ್ತೇನೆ."

ಹರಿಪ್ಪಾಡ್ ಬಳಿ ಸರೋಜಮ್ಮ ಅವನಿಗೂ ಚಿತ್ರಾನ್ನ ಕೊಟ್ಟರು.

"ಇದೇನಾ ಕಲ್ಯಾಣದ ಊಟ? ಪಾಯಸ ಎಲ್ಲಿ ಚೇಚೀ?"

"ಹುಡುಗಿ ಸಿಗಲಿ, ಮಾಡ್ತೀನಿ," ಎಂದರು ಸರೋಜಮ್ಮ. ಗಾಜು ಕುಯ್ದ ಅವರ ತೋಳಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು.

ಅವನನ್ನು ಕೊಲ್ಲಂನಲ್ಲಿ ಇಳಿಸಿ, ಎರಡಕ್ಕೆ ಸ್ವಲ್ಪ ಮುಂಚೆ ಕಾಲೇಜು ತಲುಪಿದೆವು. ಒದ್ದೆ ಅಂಗಿಯಲ್ಲೇ ಒಳಹೋದ ರಘು ತಡವಾಗಿ ಹೊರಬಂದ. "ಕಾನೂನು ಯಾಕೆ ಓದಬೇಕು ಅಂತ ಕೇಳಿದ್ರು ಅಂಕಲ್. ಮನೇಲಿ ಬಾಯಿಪಾಠ ಮಾಡಿದ್ದು ಹೇಳಲಿಲ್ಲ. ಆ ಚೇಟ್ಟನ ಹೆಂಡತಿ ಕೈ ವಿಷಯ ಹೇಳಿದೆ."

ಬಂದ್ ಮುಗಿದ ಮೇಲೆ ಒಡೆದ ಗಾಜಿನ ಕಾರಿನಲ್ಲೇ ಎರ್ನಾಕುಲಂಗೆ ಮರಳಿದೆವು. ಆಮೇಲೆ ದಿನವೂ ನಡುರಾತ್ರಿ ಗಾಜು ಒಡೆದ ಆ ಸದ್ದಿಗೆ ಎದ್ದು ಕೂರುತ್ತಿದ್ದೆ. ಸೀಟು ಸಿಕ್ಕಿ, ರಘುವನ್ನು ರೈಲು ಹತ್ತಿಸಿ ಬಂದ ರಾತ್ರಿಯೂ ಅದೇ ಭಯದಲ್ಲಿ ಮಲಗಿದೆ. ಎಚ್ಚರವಾದಾಗ ಬಿಸಿಲು ಬಂದಿತ್ತು. ಕರ್ಕಾಟಕ ಕಳೆದಿತ್ತು, ಎದುರಿನ ಮಂಟಪದಲ್ಲಿ ಯಾರದೋ ಮದುವೆಯ ನಾಗಸ್ವರ ಆಗಲೇ ಜೋರಾಗಿ ನಡೆದಿತ್ತು.