ಅಮ್ಮ ಕೊಟ್ಟ ಎಂಜಲು

“ಎಂಜಲನ್ನ ಯಾರಾದ್ರೂ ಇನ್ನೊಬ್ರ ಕೈಗೆ ಕೊಡ್ತಾರೇನೇ?” ಅಮ್ಮ ನನ್ನ ಮೇಲೆ ರೇಗಿದ ರಭಸಕ್ಕೆ, ಹೇವರ್ಡ್ ಊರಿನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಉಗುಳಿನ ಸ್ಯಾಂಪಲ್ಲು ತೆಗೆದುಕೊಳ್ಳುತ್ತಿದ್ದ ವಿದ್ಯಾರ್ಥಿನಿ ಕಕ್ಕಾಬಿಕ್ಕಿಯಾದಳು. ಮುಂಗೋಪ, ದುಡುಕಿನಂಥ ಸ್ವಭಾವಕ್ಕೂ ಕುಡಿತದ ಚಟಕ್ಕೂ ವಂಶವಾಹಿಯಲ್ಲೇ ನಂಟಿದೆಯೇ ಎಂದು ಹುಡುಕುವ ಸಂಶೋಧನೆಯದು. ಹೆಸರು ಕೊಟ್ಟಿದ್ದು ನಾನು. ಸುಮ್ಮನೆ ಜೊತೆಗೆ ಬಂದಿದ್ದ ಅಮ್ಮ, ವಿಷಯ ಕೇಳಿದ್ದೇ ತಾನೂ ಕೊಡುತ್ತೇನೆಂದು ಕೂತುಬಿಟ್ಟಿದ್ದಳು.

ಕೊನೆಗೆ ಟ್ಯೂಬಿಗೆ ಉಗುಳಿ, ಮುಚ್ಚಳ ಬಿಗಿದು, ನಲ್ಲಿಯಲ್ಲಿ ಟ್ಯೂಬನ್ನೂ ಕೈಯನ್ನೂ ತೊಳೆದು, ಸೆರಗಿನಿಂದ ಒರೆಸಿ, ಹುಡುಗಿ ಚಾಚಿದ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ನಾನು ಅವಳಿಗೆ ಇಂಗ್ಲಿಷಿನಲ್ಲಿ ಕಾರಣ ವಿವರಿಸಿದೆ. ಇಷ್ಟು ಚೊಕ್ಕವಾಗಿ ಯಾರೂ ಕೊಟ್ಟಿಲ್ಲವೆಂದು ಹುಡುಗಿ ನಕ್ಕಳು.

“ಎಂಜಲು, ಮುಸುರೆ ಅಂತ ಇಷ್ಟೆಲ್ಲ ನೋಡೋಳು ಯಾಕಮ್ಮ ಒಪ್ಕೊಂಡೆ?” ಕಾರಿನಲ್ಲಿ ಕೇಳಿದೆ.

“ನಮ್ಮಪ್ಪ ಕುಡಿದೂ ಕುಡಿದೂ ಹೋದ. ಅವನ ಕೋಪ ಪೂರ್ತಿ ನಂಗೇ ಬಂತು, ಕುಡಿತ ಬರ್ಲಿಲ್ಲ. ಯಾಕೇಂತ ಹುಡುಕ್ಲಿ ಬಿಡು. ಯಾರ ಅಪ್ಪನಾದ್ರೂ ಉಳೀಲಿ.”

ಈಗ ಅಮ್ಮ ರೇಗಿದರೆ ನನಗೆ ನಗು ಬರುತ್ತದೆ. ನಾನು ನೋಡೇ ಇರದ ತಾತ, ಒಂದು ತೊಟ್ಟೂ ಕುಡಿಯದೆ, ನಮ್ಮ ಮನೆಯಲ್ಲಿ ಓಡಾಡಿಕೊಂಡಿದ್ದಾರೆ ಅನಿಸುತ್ತದೆ.